ಹೆಪ್ಪಿಗೂ ಒಂದು ಪಿಚ್ ಡೆಕ್

ಪಕ್ಕದ ಮನೆಯವರು ಹೆಪ್ಪು ಕೇಳಲು ಬರುವುದು ಹೊಸದೇನಲ್ಲ. ಸಣ್ಣ ಸ್ಟೀಲ್ ಬಟ್ಟಲು ಹಿಡಿದು ಬಂದು, 'ಒಂದು ಚಮಚ ಮೊಸರು ಇದ್ಯಾ?' ಅನ್ನುತ್ತಿದ್ದರು. ಕೊಟ್ಟರೆ ಹೋಗುತ್ತಿದ್ದರು. ಹೋದ ಭಾನುವಾರ ಬಂದಾಗ ಬಟ್ಟಲಿನ ಜೊತೆ ಲ್ಯಾಪ್‌ಟಾಪೂ ಇತ್ತು.

'ಸೀಡ್ ಫಂಡಿಂಗ್ ಬೇಕಿತ್ತು,' ಅಂದರು. ಹೊಸ ಕಂಪನಿ ಶುರುಮಾಡಲು ಹೂಡಿಕೆದಾರರಿಂದ ಎತ್ತುವ ಮೊದಲ ದುಡ್ಡಿಗೆ ಹಾಗನ್ನುತ್ತಾರೆ. ಅದನ್ನು ಕೇಳಲು ತೋರಿಸುವ ಸ್ಲೈಡುಗಳೇ ಪಿಚ್ ಡೆಕ್.

ಮೊದಲ ಸ್ಲೈಡಿನಲ್ಲಿ ಸಮಸ್ಯೆ: ಮನೆಯಲ್ಲಿ ಹಾಲಿದೆ, ಮೊಸರಿಲ್ಲ. ಎರಡನೆಯದರಲ್ಲಿ ಪರಿಹಾರ: ನಮ್ಮ ಫ್ರಿಜ್ಜು. ಮೂರನೆಯದರಲ್ಲಿ ಮಾರುಕಟ್ಟೆ: ಮೊಸರನ್ನ ತಿನ್ನುವ ಇಡೀ ದಕ್ಷಿಣ ಭಾರತ. ಒಂದು ಚಮಚ ಕೊಟ್ಟರೆ ನಾಳೆಯ ಮೊಸರಿನಲ್ಲಿ ನನಗೆ ಶೇ. 2 ಪಾಲು. ಅದೂ ಒಂದೇ ಸಲಕ್ಕಲ್ಲ, ನಾಲ್ಕು ವರ್ಷ ಕಂತಿನಲ್ಲಿ. ಮೊದಲ ವರ್ಷ ತುಂಬುವ ತನಕ ಒಂದು ತೊಟ್ಟೂ ಇಲ್ಲ. ಸ್ಟಾರ್ಟಪ್‌ಗಳು ನೌಕರರಿಗೆ ಷೇರು ಕೊಡುವುದು ಹೀಗೇ ಅಲ್ವಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವುದನ್ನು ಇಷ್ಟು ಚೆಂದದ ಬಣ್ಣದಲ್ಲಿ ನಾನು ನೋಡಿರಲಿಲ್ಲ.

ಆಗಿದ್ದಿಷ್ಟೇ. ಅವರು ಎರಡು ದಿನದ ಶಿಬಿರಕ್ಕೆ ಹೋಗಿ ಬಂದಿದ್ದರು. 'ದಿನನಿತ್ಯದ ಬದುಕಿನಲ್ಲಿ ಉದ್ಯಮಿಯ ಮನಸ್ಸು.' ಶುಲ್ಕ 4,999 ರೂಪಾಯಿ, ಊಟ ಬೇರೆ. ಅಂದಿನಿಂದ ಅವರ ಮನೆಯಲ್ಲಿ ಯಾವುದೂ ಕೆಡುವುದಿಲ್ಲ. ಉಪ್ಪಿಟ್ಟು ಗಂಟು ಕಟ್ಟಿದರೆ ಅದು 'ಪಿವೋಟ್', ಅಂದರೆ ಬೇಕೆಂದೇ ದಾರಿ ಬದಲಿಸಿದ್ದು. ಮಗ ಗಣಿತದಲ್ಲಿ 35 ತೆಗೆದರೆ 'ಮಿನಿಮಮ್ ವಯಬಲ್ ಪ್ರಾಡಕ್ಟ್', ಅಂದರೆ ಸದ್ಯಕ್ಕೆ ಕೆಲಸ ನಡೆಯುವಷ್ಟು ಮಾತ್ರ ಇರುವ ಮೊದಲ ಮಾಲು. ಹುಡುಗನಿಗಂತೂ ಖುಷಿಯೋ ಖುಷಿ.

ಶಿಬಿರದಲ್ಲಿ ಇನ್ಫೋಸಿಸ್ ಕತೆಯನ್ನೂ ಹೇಳಿದರಂತೆ. 1981, ಪುಣೆ, ಏಳು ಜನ, 10,000 ರೂಪಾಯಿ. 'ನೋಡಿ, ಬರೀ ಹತ್ತು ಸಾವಿರ!' ಎಂದು ಕಣ್ಣರಳಿಸಿದರು. ಅದು ನಾರಾಯಣ ಮೂರ್ತಿಯವರ ಹೆಂಡತಿ ಕೂಡಿಟ್ಟ ದುಡ್ಡು ಎಂದು ನೆನಪಿಸಿದೆ. ಗೊತ್ತಂತೆ. ಅಂದು ರಾತ್ರಿಯೇ ಮನೆಯಲ್ಲಿ ಕೇಳಿಯೂ ಆಗಿತ್ತಂತೆ. 'ಮೊದಲು ಹಾಲಿನವನ ಬಾಕಿ ತೀರಿಸಿ' ಅಂತ ಉತ್ತರ ಬಂತು. ಈ ಹೂಡಿಕೆದಾರರಿಗೆ ದೂರದೃಷ್ಟಿ ಇಲ್ಲ ಎಂಬುದು ಅವರ ಕೊರಗು.

ನಮ್ಮ ಆಫೀಸಿನಲ್ಲೂ ಈ ಗಾಳಿ ಬೀಸಿದೆ. 'ಕೆಲಸಗಾರನ ಹಾಗಲ್ಲ, ಮಾಲೀಕನ ಹಾಗೆ ಯೋಚಿಸಿ' ಅಂದರು. ಯೋಚಿಸಿದೆ. ಹನ್ನೊಂದಕ್ಕೆ ಬಂದು ಮೂರಕ್ಕೆ ಹೊರಟೆ. ಮರುದಿನವೇ ಎಚ್‌ಆರ್ ಕರೆಯಿತು. ಮಾಲೀಕನ ಹಾಗೆ ಯೋಚಿಸುವುದು ಅಂದರೆ 2023ರಲ್ಲಿ ಅದೇ ಮೂರ್ತಿಯವರು ಯುವಜನರಿಗೆ ಹೇಳಿದ ವಾರಕ್ಕೆ 70 ಗಂಟೆ ದುಡಿಯುವುದು ಅಂತ ಅಲ್ಲಿ ಗೊತ್ತಾಯಿತು. ಉಳಿದ ಮಾಲೀಕತನ ಮಾಲೀಕರ ಹತ್ತಿರವೇ ಇರುತ್ತದೆ.

ಊಟ ತರುವ ಹುಡುಗರನ್ನಂತೂ ಆ್ಯಪ್‌ಗಳು ಯಾವತ್ತೋ ಉದ್ಯಮಿ ಮಾಡಿಬಿಟ್ಟಿವೆ. ಅವರು ನೌಕರರಲ್ಲ, 'ಪಾರ್ಟ್ನರ್'. ಗಾಡಿ ಅವರದೇ, ಪೆಟ್ರೋಲ್ ಅವರದೇ, ಬಿದ್ದರೆ ಮಂಡಿಯೂ ಅವರದೇ. ಇಂಥ ಪಾಲುದಾರರಿಗೂ ಸಾಮಾಜಿಕ ಭದ್ರತೆ ಬೇಕು ಅಂತ ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಒಂದು ಬೋರ್ಡಿದೆ: 'ಡೆಲಿವರಿ ಪಾರ್ಟ್ನರ್‌ಗಳು ಈ ಲಿಫ್ಟ್ ಬಳಸುವಂತಿಲ್ಲ.' ಪಾಲುದಾರನಿಗೆ ಲಿಫ್ಟಿನಲ್ಲೂ ಪಾಲಿಲ್ಲ.

ಇರಲಿ, ಹೆಪ್ಪಿನ ವಿಷಯಕ್ಕೆ ಬರೋಣ. 'ಸುಮ್ನೆ ಬಟ್ಟಲು ಕೊಡಿ ಸಾರ್, ತುಂಬಿಸಿಕೊಡುತ್ತೇನೆ' ಅಂದೆ. ಅವರಿಗೆ ಬೇಜಾರಾಯಿತು. ಪುಕ್ಕಟೆ ತೆಗೆದುಕೊಂಡರೆ ಅದು ಉದ್ಯಮವಾಗುವುದಿಲ್ಲವಂತೆ. ವ್ಯವಹಾರ ಕುದುರಲಿಲ್ಲ. ಲ್ಯಾಪ್‌ಟಾಪ್ ಮಡಚಿ ಹೋದರು.

ಅರ್ಧ ಗಂಟೆ ಬಿಟ್ಟು ನಮ್ಮ ಕಾಲಿಂಗ್ ಬೆಲ್ ಆಯಿತು. ಮಳೆಯಲ್ಲಿ ತೊಯ್ದ ಹುಡುಗನೊಬ್ಬ ಐದು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಅರ್ಧ ಲೀಟರ್ ಮೊಸರಿನ ಪ್ಯಾಕೆಟ್. ಮನೆ ನಂಬರ್ ತಪ್ಪಿತ್ತು, ಪಕ್ಕದ ಬಾಗಿಲು ತೋರಿಸಿದೆ. ನೀರು ಕೇಳಿದ, ಕೊಟ್ಟೆ.

ಸಂಜೆ ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು ಆ ಹುಡುಗನಿಗೆ ಮೂರೇ ಸ್ಟಾರ್ ಕೊಟ್ಟೆ ಅಂದರು. ಮೊಸರು ಹುಳಿ ಇತ್ತಂತೆ.