ಕಿಡ್ನಿ ಕಸಿಯಾದ ಎಲ್ಲರಿಗೂ ಆಮ್ಲ ತಗ್ಗಿಸುವ ಮಾತ್ರೆ ಬೇಕೆ?

ಪರ: ರಕ್ತ ಸೋರುವವರೆಗೆ ಕಾಯಬೇಕೇಕೆ?

ಕಸಿಯಾದವರ ಹೊಟ್ಟೆಯಲ್ಲಿ ಹುಣ್ಣಾಗಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಔಷಧದ ಚೀಟಿ ನೋಡಿದರೆ ಸಾಕು. ಶಸ್ತ್ರಚಿಕಿತ್ಸೆಯ ದಿನ ದೊಡ್ಡ ಪ್ರಮಾಣದ ಮಿಥೈಲ್‌ಪ್ರೆಡ್ನಿಸೊಲೋನ್, ಆಮೇಲೆ ದಿನವೂ ಪ್ರೆಡ್ನಿಸೊಲೋನ್ (ಎರಡೂ ಸ್ಟೀರಾಯ್ಡ್‌ಗಳೇ), ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ, ಆದರೆ ಜೀರ್ಣಾಂಗವನ್ನು ಕೆಣಕುವ ಮೈಕೋಫೆನೊಲೇಟ್, ಕೆಲವರಿಗೆ ಹೃದಯದ ಸಲುವಾಗಿ ಆಸ್ಪಿರಿನ್. ಬಹುಕಾಲ ಯೂರಿಯಾ ಏರಿದ್ದ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಿದ್ದರೂ ಅವು ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿ ಕುಂದಿರುತ್ತದೆ. ಹೊಸ ಮೂತ್ರಪಿಂಡ ಕೆಲಸ ಆರಂಭಿಸಲು ತಡಮಾಡಿದರೆ ಮತ್ತೆ ಡಯಾಲಿಸಿಸ್, ಅದರೊಂದಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ಇಷ್ಟೆಲ್ಲ ಒಂದೇ ವಾರದಲ್ಲಿ ಒಬ್ಬರ ಮೈಮೇಲೆ ಬೀಳುತ್ತದೆ.

ಹುಣ್ಣು ಒಡೆದರೆ ಆಗುವ ನಷ್ಟ ಹೊಟ್ಟೆಗಷ್ಟೇ ಅಲ್ಲ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವ ಹೊತ್ತಿಗೆ ಸಾಕಷ್ಟು ರಕ್ತ ಹೋಗಿರುತ್ತದೆ. ರಕ್ತದೊತ್ತಡ ಕುಸಿದರೆ ಮೊದಲು ಬಡವಾಗುವುದು ಆಗಷ್ಟೇ ಹೊಲಿದು ಕೂರಿಸಿದ ಮೂತ್ರಪಿಂಡ. ರಕ್ತ ಕೊಟ್ಟರೆ, ದಾನಿಯ ಅಂಗಾಂಶದ ವಿರುದ್ಧ ಪ್ರತಿಕಾಯಗಳು ಹುಟ್ಟುವ ಅಪಾಯವಿದೆ. ಹೊಟ್ಟೆಯನ್ನು ಕಾಪಾಡಲು ಮೈಕೋಫೆನೊಲೇಟ್ ಇಳಿಸಿದರೆ ದೇಹ ಅಂಗವನ್ನು ತಿರಸ್ಕರಿಸಲು ದಾರಿ ತೆರೆಯುತ್ತದೆ. ಕಸಿಯ ಆರಂಭದ ದಶಕಗಳಲ್ಲಿ, ಅಂದರೆ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಆಮ್ಲ ತಗ್ಗಿಸುವ ಸಿಮೆಟಿಡಿನ್ ಬರುವ ಮೊದಲು, ಜಠರದ ರಕ್ತಸ್ರಾವ ವೈದ್ಯರಿಗೆ ದುಃಸ್ವಪ್ನವಾಗಿತ್ತು. ಆ ಭಯ ಇಂದು ಇಲ್ಲವೆಂದರೆ ಅದರ ಶ್ರೇಯಸ್ಸಿನ ಒಂದು ಪಾಲು ಆಮ್ಲ ತಗ್ಗಿಸುವ ಔಷಧಗಳಿಗೂ ಸಲ್ಲಬೇಕು.

ವೆಂಟಿಲೇಟರ್‌ನಲ್ಲಿದ್ದ 4,800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ರಿವೈಸ್ ಪ್ರಯೋಗದಲ್ಲಿ ಗಂಭೀರ ರಕ್ತಸ್ರಾವ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಶೇ. 1.0, ಪಡೆಯದವರಲ್ಲಿ ಶೇ. 3.5. ನ್ಯುಮೋನಿಯಾ ಹೆಚ್ಚಲಿಲ್ಲ, ಕರುಳಿನಲ್ಲಿ ಭೇದಿ ತರುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಸೋಂಕೂ ಹೆಚ್ಚಲಿಲ್ಲ. ಹೊಟ್ಟೆಯ ಆಮ್ಲ ತಗ್ಗಿದರೆ ಮೈಕೋಫೆನೊಲೇಟ್ ದೇಹಕ್ಕೆ ಸರಿಯಾಗಿ ಹೀರಿಕೆಯಾಗುವುದಿಲ್ಲ ಎನ್ನುವವರಿಗೆ ಉತ್ತರ ಸರಳ: ಕರುಳಿನಲ್ಲಿ ಕರಗುವ ಲೇಪನವಿರುವ ಮೈಕೋಫೆನೊಲೇಟ್ ಸೋಡಿಯಂ ಇದೆ, ಅದಕ್ಕೆ ಈ ಅಡ್ಡಿಯಿಲ್ಲ. ಮೊದಲ ಕೆಲವು ವಾರಗಳಿಗೆ ದಿನಕ್ಕೊಂದು ಮಾತ್ರೆ ಕೊಡಲು ಇಷ್ಟೇಕೆ ಹಿಂಜರಿಕೆ?

ವಿರೋಧ: ಅಪಾಯ ಯಾರದೋ, ಮಾತ್ರೆ ಯಾರಿಗೋ

ರಿವೈಸ್ ಅಂಕಿಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವು ಯಾರ ಅಂಕಿಗಳು? ಉಸಿರಾಟಕ್ಕೆ ಯಂತ್ರವನ್ನೇ ನೆಚ್ಚಿ ಐಸಿಯುನಲ್ಲಿ ಮಲಗಿದ್ದವರವು. ಕಸಿಯಾದ ಬಹುತೇಕರ ಗಂಟಲಿನ ಕೊಳವೆ ಶಸ್ತ್ರಚಿಕಿತ್ಸೆ ಮುಗಿಯುತ್ತಲೇ ಹೊರಬರುತ್ತದೆ, ಒಂದೆರಡು ದಿನಗಳಲ್ಲಿ ಅವರು ಎದ್ದು ಓಡಾಡುತ್ತಾರೆ. ಕೆನಡಾದ ವೈದ್ಯ ಸಂಶೋಧಕಿ ಡೆಬೊರಾ ಕುಕ್ ಅವರ ತಂಡ 1994ರಲ್ಲಿ 2,252 ಐಸಿಯು ರೋಗಿಗಳನ್ನು ಗಮನಿಸಿ ರಕ್ತಸ್ರಾವ ತರುವ ಎರಡು ಮುಖ್ಯ ಅಪಾಯಗಳನ್ನು ಗುರುತಿಸಿತ್ತು: 48 ಗಂಟೆಗೂ ಹೆಚ್ಚು ಕಾಲ ವೆಂಟಿಲೇಟರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ದೋಷ. ಸರಾಗವಾಗಿ ಚೇತರಿಸಿಕೊಳ್ಳುವ ಕಸಿ ರೋಗಿಗೆ ಮೊದಲನೆಯದು ಇಲ್ಲವೇ ಇಲ್ಲ. ಪ್ಲೇಟ್‌ಲೆಟ್‌ಗಳ ಮಾಂದ್ಯವೂ ಹೊಸ ಮೂತ್ರಪಿಂಡ ಕೆಲಸ ಮಾಡತೊಡಗಿದಂತೆ ಹಿಂದೆ ಸರಿಯುತ್ತದೆ. ಐಸಿಯುನಲ್ಲೂ ಲಾಭಕ್ಕೆ ಮಿತಿಯಿದೆ: 2018ರ ಎಸ್‌ಯುಪಿ-ಐಸಿಯು ಪ್ರಯೋಗದಲ್ಲಿ ರಕ್ತಸ್ರಾವ ಶೇ. 4.2ರಿಂದ 2.5ಕ್ಕೆ ಇಳಿದರೂ 90 ದಿನಗಳೊಳಗಿನ ಸಾವಿನ ಪ್ರಮಾಣ ಬದಲಾಗಲಿಲ್ಲ.

ಇನ್ನು ಆ 'ಕೆಲವು ವಾರ'. ಕಾಗದದ ಮೇಲೆ ಇದು ಚೆನ್ನಾಗಿದೆ. ವಾಸ್ತವದಲ್ಲಿ ಬಿಡುಗಡೆಯ ಚೀಟಿಯಲ್ಲಿ 'ಪ್ಯಾಂಟೊಪ್ರಜೋಲ್ 40, ಖಾಲಿ ಹೊಟ್ಟೆಗೆ' ಎಂಬ ಸಾಲು ಇರುತ್ತದೆ, ನಿಲ್ಲಿಸುವ ದಿನಾಂಕ ಇರುವುದಿಲ್ಲ. ಸ್ಟೀರಾಯ್ಡ್ ಇಳಿಯುತ್ತದೆ, ಸೋಂಕು ತಡೆಯುವ ಔಷಧಗಳು ಒಂದೊಂದಾಗಿ ನಿಲ್ಲುತ್ತವೆ, ಈ ಮಾತ್ರೆ ಮಾತ್ರ ಯಾರ ಕಣ್ಣಿಗೂ ಬೀಳದೆ ಮುಂದುವರಿಯುತ್ತದೆ.

ಹೀಗೆ ಮುಂದುವರಿದಾಗ ಏನಾಗುತ್ತದೆ ನೋಡಿ. ತಿರಸ್ಕಾರ ತಡೆಯುವ ಮತ್ತೊಂದು ಔಷಧ ಟ್ಯಾಕ್ರೊಲಿಮಸ್ ಮೂತ್ರದ ಮೂಲಕ ಮೆಗ್ನೀಸಿಯಂ ಕಳೆಯುತ್ತದೆ, ಈ ಮಾತ್ರೆ ಕರುಳಿನಲ್ಲಿ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಎರಡೂ ಕಡೆಯ ಸೋರಿಕೆ ಸೇರಿ ಸ್ನಾಯು ಸೆಳೆತ, ಕೆಲವೊಮ್ಮೆ ಹೃದಯದ ಲಯದ ಏರುಪೇರು. ಇದೇ ಗುಂಪಿನ ಒಮೆಪ್ರಜೋಲ್ ಕೆಲವರಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನೂ ಏರಿಸುತ್ತದೆ. ಸ್ಟೀರಾಯ್ಡ್‌ನಿಂದ ಮೊದಲೇ ಸವೆಯುವ ಮೂಳೆಗೆ ಇದೂ ಹಿತವಲ್ಲ. ನನಗೆ ಹೆಚ್ಚು ಆತಂಕ ತರುವುದು ಮಾತ್ರ ಈ ಮಾತ್ರೆಯಿಂದ ಅಪರೂಪಕ್ಕೆ ಕಾಣಿಸುವ, ಮೂತ್ರಪಿಂಡದ ಸೂಕ್ಷ್ಮ ನಾಳಗಳ ನಡುವಿನ ಅಂಗಾಂಶದ ಉರಿಯೂತ. ಮೂತ್ರಪಿಂಡ ಸೊರಗಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತೆಂದರೆ ಎಲ್ಲರ ಮನಸ್ಸು ಹೋಗುವುದು ತಿರಸ್ಕಾರದ ಕಡೆಗೆ. ಬಯಾಪ್ಸಿ ಮಾಡಿದರೂ ಎರಡರಲ್ಲೂ ಬಿಳಿ ರಕ್ತಕಣಗಳ ದಾಳಿಯ ಚಿತ್ರ ಹತ್ತಿರಹತ್ತಿರ ಒಂದೇ. ಮಾತ್ರೆಯೇ ತಂದ ತೊಂದರೆಗೆ ಸ್ಟೀರಾಯ್ಡ್ ಪ್ರಮಾಣ ಏರುತ್ತದೆ, ಮಾತ್ರೆ ಹಾಗೇ ಮುಂದುವರಿಯುತ್ತದೆ! ಸೈಟೊಮೆಗಲೊ ವೈರಸ್ ತರುವ ಹುಣ್ಣನ್ನಾಗಲಿ, ಮೈಕೋಫೆನೊಲೇಟ್ ತರುವ ಭೇದಿಯನ್ನಾಗಲಿ ಇದು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಹಿಂದೆ ಹುಣ್ಣಾಗಿದ್ದವರಿಗೆ, ಆಸ್ಪಿರಿನ್ ಬಿಡಲಾಗದವರಿಗೆ, ವೆಂಟಿಲೇಟರ್‌ನಲ್ಲೇ ಉಳಿದವರಿಗೆ, ತಿರಸ್ಕಾರಕ್ಕಾಗಿ ಮತ್ತೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಪಡೆಯುವವರಿಗೆ ಧಾರಾಳವಾಗಿ ಕೊಡಲಿ. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆ ಕಸಿಗೆ ಮೊದಲೇ ನಡೆಯಲಿ. ಉಳಿದವರ ವಿಷಯದಲ್ಲಿ, ಕೊಡಲೇಬೇಕೆನ್ನುವ ವೈದ್ಯರು ನಿಲ್ಲಿಸುವ ದಿನಾಂಕವನ್ನೂ ಅದೇ ಸಾಲಿನಲ್ಲಿ ಬರೆಯಲಿ.