ಕೊಟ್ಟಿಗೆಯ ದೂಳೂ ಸಂಶೋಧನೆಯ ವಿಷಯವೇ

ಶಿಕ್ಷಣ ತಂತ್ರಜ್ಞಾನ, ಹಳೇ ಪದ್ಧತಿಯ ಕೃಷಿ, ಮಕ್ಕಳ ಆರೋಗ್ಯ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡುವುದು ಸುಮ್ನೆ ಕಲಸುಮೇಲೋಗರ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ.

2016ರಲ್ಲಿ ಬಂದ ಒಂದು ಅಧ್ಯಯನ ನೋಡಿ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕ್ರೈಸ್ತ ಕೃಷಿಕ ಸಮುದಾಯಗಳ ಜನರ ಮೂಲ, ಊಟ, ಜೀವನ ಹೆಚ್ಚುಕಮ್ಮಿ ಒಂದೇ. ಆದರೆ ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಕೊಟ್ಟಿಗೆ ಮನೆ ಹತ್ತಿರವೇ ಇರುತ್ತದೆ. ಹಟರೈಟರದ್ದು ದೊಡ್ಡ ಯಂತ್ರಗಳ ಕೃಷಿ. ಶಾಲೆಗೆ ಹೋಗುವ ಮಕ್ಕಳಲ್ಲಿ ಆಸ್ತಮಾ ಆಮಿಶರಲ್ಲಿ ಶೇ. 5ರಷ್ಟು, ಹಟರೈಟರಲ್ಲಿ ಶೇ. 21! ಆಮಿಶರ ಮನೆಯ ದೂಳಿನ ಸಾರವನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅವಕ್ಕೂ ಉಸಿರಾಟದ ತೊಂದರೆ ಕಮ್ಮಿಯಾಯಿತು. ರಕ್ತ ಪರೀಕ್ಷೆ ಮಾಡಿದ್ದು 60 ಮಕ್ಕಳಿಗಷ್ಟೇ, ಅದು ನಿಜ. ಆದರೂ ದೂಳು ಕಂಡರೆ ಪೊರಕೆ ಹಿಡಿಯುವ ನನ್ನಂಥವರಿಗೆ ಇದು ಆಶ್ಚರ್ಯವೇ.

ಇನ್ನು ಶಿಕ್ಷಣ ತಂತ್ರಜ್ಞಾನ, ಅಂದರೆ ಟ್ಯಾಬ್ಲೆಟ್ ಪರದೆ ನೋಡಿ ಕಲಿಯುವ ವಿಷಯಕ್ಕೆ ಬಂದರೆ, ಕಣ್ಣಿನ ಮಾತೂ ಬರುತ್ತದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಜಾಸ್ತಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಂಜಾಗಿ ಕಾಣುವುದು) ಬಂದವರು ಶೇ. 30, ಉಳಿದ ಶಾಲೆಗಳಲ್ಲಿ ಸುಮಾರು ಶೇ. 40. ಪರದೆ ಮುಂದೆ ಕೂರಿಸಿ ಅಂಕ ಅಳೆಯುವವರು ಕಣ್ಣನ್ನೂ ಅಳೆಯಬೇಕು, ಅಲ್ವಾ? ಪರದೆ ಮುಂದೆ ಕೂರುವ ಮಕ್ಕಳನ್ನೇ ಹೊಲದಲ್ಲಿ ಪಾಠಕ್ಕೆ ಕೂರಿಸಿದರೆ ಏನಾಗುತ್ತದೆ ಎಂದು ಯಾರಾದರೂ ನೋಡಲಿ.