ನಾಟಕದಿಂದ ಜಿಡಿಪಿಗೆ ಏನು ಬಂತು ಸ್ವಾಮಿ?

ಅಮೆರಿಕದವರು ಒಂದು ಲೆಕ್ಕ ಹಾಕಿದ್ದಾರೆ. ಲಾಭದ ಉದ್ದೇಶವಿಲ್ಲದ ಕಲಾ ಸಂಸ್ಥೆಗಳೂ ಅವುಗಳ ಪ್ರೇಕ್ಷಕರೂ ಸೇರಿ 2022ರಲ್ಲಿ 15,170 ಕೋಟಿ ಡಾಲರ್ ವಹಿವಾಟು ನಡೆಸಿದರಂತೆ. ಅದರಿಂದ 26 ಲಕ್ಷ ಉದ್ಯೋಗಗಳಿಗೆ ಆಸರೆಯಾಯಿತಂತೆ. ಕಾರ್ಯಕ್ರಮಕ್ಕೆ ಬಂದ ಒಬ್ಬೊಬ್ಬನೂ ಟಿಕೆಟ್ ಬಿಟ್ಟು, ಊಟ, ಪಾರ್ಕಿಂಗು, ಅದು ಇದು ಅಂತ ಸರಾಸರಿ 38 ಡಾಲರ್ 46 ಸೆಂಟ್ ಕೈ ಬಿಚ್ಚುತ್ತಾನೆ. ನಮ್ಮ ದುಡ್ಡಲ್ಲಿ 3,000 ರೂಪಾಯಿಗೂ ಮೇಲೆ. ಬೆಂಗಳೂರಿನ ಯಾವುದಾದರೂ ಹವ್ಯಾಸಿ ನಾಟಕ ತಂಡದ ಖಜಾಂಚಿಗೆ ಇದನ್ನು ಓದಿ ಹೇಳುವ ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ. ಅವರ ಪ್ರೇಕ್ಷಕರು "ಪಾಸ್ ಇದೆಯಾ?" ಎಂದು ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮನೆ ಬಿಡುವವರು.

ಆದರೂ ಆ ಗಾಳಿ ಇತ್ತ ಬೀಸಿಬಿಟ್ಟಿದೆ. ನಾಟಕ ಮಾಡಲು ನಾಲ್ಕು ಕಾಸಿನ ನೆರವು ಕೇಳಿ ನೋಡಿ. ನಾಟಕ ಚೆನ್ನಾಗಿದೆಯಾ ಎಂಬ ಮಾತೇ ಬರುವುದಿಲ್ಲ. ಎದುರಿಗೆ ಕೂತ ಸಲಹೆಗಾರರು ಲ್ಯಾಪ್‌ಟಾಪ್ ತೆರೆದು, "ನಿಮ್ಮ ಎಕನಾಮಿಕ್ ಇಂಪ್ಯಾಕ್ಟ್ ಎಷ್ಟು ಸಾರ್?" ಅನ್ನುತ್ತಾರೆ. ಅಳಿಸಿದೆವು, ನಗಿಸಿದೆವು ಎಂದರೆ ಆಗದು, ಅದಕ್ಕೆ ಎಕ್ಸೆಲ್ಲಿನಲ್ಲಿ ಕಾಲಂ ಇಲ್ಲ.

ಸರಿ, ಸರ್ವೆಯನ್ನು ನಾವೇ ಮಾಡಿಬಿಡೋಣ.

ರವೀಂದ್ರ ಕಲಾಕ್ಷೇತ್ರ ಶುರುವಾದದ್ದು 1963ರಲ್ಲಿ. ಅದರ ಮುಂದಿನ ಜೆ.ಸಿ. ರಸ್ತೆ ಇವತ್ತು ಬದುಕಿರುವುದು ಸೀಟ್ ಕವರು, ಹೆಡ್‌ಲೈಟು, ಹಾರನ್ನುಗಳ ಮೇಲೆ. ಅರವತ್ತು ವರ್ಷಕ್ಕೂ ಮೀರಿದ ರಂಗಭೂಮಿ ಅಕ್ಕಪಕ್ಕದ ಅಂಗಡಿಗಳಿಗೆ ಕೊಟ್ಟ ಕೊಡುಗೆ ಏನೆಂದರೆ, ನಾಟಕಕ್ಕೆ ಬೇಗ ಬಂದವರು ಕಾರಿಗೆ ಹೊಸ ಮ್ಯಾಟ್ ಹಾಕಿಸಿಕೊಳ್ಳಬಹುದು. ಬರೆದುಕೊಳ್ಳಿ.

ಜೆ.ಪಿ. ನಗರದ ರಂಗಶಂಕರದ ಲೆಕ್ಕ ಇನ್ನೂ ಸೂಕ್ಷ್ಮ. 2004ರಲ್ಲಿ ಬಾಗಿಲು ತೆರೆದ ಈ ರಂಗಮಂದಿರ ಬಾಗಿಲು ಹಾಕುವುದರಲ್ಲೇ ಹೆಸರುವಾಸಿ. ತಡವಾಗಿ ಬಂದವರು ಎಂಥವರೇ ಆಗಿರಲಿ, ಒಳಗೆ ಬಿಡುವುದಿಲ್ಲ. ಒಳಗೆ ಹೋದವನು ಎರಡು ಗಂಟೆ ಕತ್ತಲಲ್ಲಿ ಕೂತು ಒಂದು ಪೈಸೆ ಖರ್ಚು ಮಾಡುವುದಿಲ್ಲ. ಹೊರಗೆ ಉಳಿದವನು ಕೆಫೆಯಲ್ಲಿ ಸಾಬುದಾನ ವಡೆ ತಿಂದು, ಕಾಫಿ ಕುಡಿದು, ಬೇಜಾರಿಗೆ ಇನ್ನೊಂದು ವಡೆ ತಿನ್ನುತ್ತಾನೆ. ಆರ್ಥಿಕವಾಗಿ ನೋಡಿದರೆ ನಾಟಕ ತಪ್ಪಿಸಿಕೊಂಡವನೇ ಆದರ್ಶ ಪ್ರೇಕ್ಷಕ. ಟ್ರಾಫಿಕ್ಕಿನಲ್ಲಿ ಸಿಕ್ಕಿಸಿ ಇಂಥವರನ್ನು ದಿನವೂ ತಯಾರು ಮಾಡಿಕೊಡುವ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಒಂದು ರಂಗಪೋಷಕ ಪ್ರಶಸ್ತಿ ಕೊಡಬೇಕಾದ್ದು ನ್ಯಾಯ.

ರಾಮನವಮಿ ಸಂಗೀತದ ಪೆಂಡಾಲುಗಳಿಗೆ ನಾನು ಕೆಂಪು ಶಾಯಿಯಲ್ಲೇ ಗುರುತು ಹಾಕಿದ್ದೇನೆ. ಪಾನಕ, ಕೋಸಂಬರಿ ಬಿಟ್ಟಿ ಹಂಚುವುದು ಜಿಡಿಪಿಗೆ ನೇರ ಹೊಡೆತ.

ಚಿತ್ರಸಂತೆಯ ದಿನ ಮಾತ್ರ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಈ ಸಂತೆಯ ಆಶಯ ಮನೆಗೊಂದು ಕಲಾಕೃತಿ. ಹಾಗಂತ ಮನೆಗೆ ಹೋಗುವುದು ಯಾವುದು ಎಂದು ನಿಂತು ನೋಡಬೇಕು.

"ಇದೆಷ್ಟಮ್ಮಾ?"

"ಎಂಟು ಸಾವಿರ ಸಾರ್."

"ಫ್ರೇಮ್ ಸೇರಿ?"

"ಸೇರೇ ಸಾರ್."

"ಫ್ರೇಮ್ ಬೇಡ ಬಿಡಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಫೋಟೋ ತಗೋತೀನಿ."

ಹೀಗೆ ಎಂಟು ಸಾವಿರ ಉಳಿಸಿದ ಯಜಮಾನರು ಹೆಂಡತಿ ಮಕ್ಕಳಿಗೆಲ್ಲ ಸುಟ್ಟ ಜೋಳ ಕೊಡಿಸುತ್ತಾರೆ. ಜೋಳದವನ ಹತ್ತಿರ ಚೌಕಾಸಿಯಿಲ್ಲ. ಬಿಸಿಲಲ್ಲಿ ನಿಂತ ಆ ಹುಡುಗಿ ಆಟೋ ಬಾಡಿಗೆ ಕೊಟ್ಟು ಕ್ಯಾನ್ವಾಸುಗಳನ್ನು ತಂದಿರುತ್ತಾಳೆ, ಸಂಜೆ ಮತ್ತೆ ಬಾಡಿಗೆ ಕೊಟ್ಟು ಹೆಚ್ಚುಕಡಿಮೆ ಅಷ್ಟನ್ನೂ ವಾಪಸು ಒಯ್ಯುತ್ತಾಳೆ. ಸಾರಿಗೆ ಕ್ಷೇತ್ರಕ್ಕೆ ಎರಡು ಸಲ ಲಾಭ!

ಇನ್ನು ಶಾಲು. 2021ರ ಆಗಸ್ಟ್‌ನಲ್ಲಿ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿತು. ಆದೇಶ ಫೈಲಿನಲ್ಲಿ ಬೆಚ್ಚಗಿದೆ, ಶಾಲು ಹೆಗಲ ಮೇಲೆ ಬೆಚ್ಚಗಿದೆ. ಹಿರಿಯ ಕಲಾವಿದರ ಮನೆಯ ಬೀರುವಿನಲ್ಲಿ ಒಂದು ಸಣ್ಣ ಬಟ್ಟೆ ಅಂಗಡಿಗಾಗುವಷ್ಟು ಶಾಲುಗಳಿರುತ್ತವೆ, ಔಷಧಿ ಅಂಗಡಿಯವನು ಅದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಚಿಕ್ಕಪೇಟೆಯ ಬಟ್ಟೆ ಅಂಗಡಿಯವರಿಗೆ ವ್ಯಾಪಾರವಾಯಿತಲ್ಲ, ಬರೆದುಕೊಳ್ಳಿ.

ತೆರಿಗೆ ಇಲಾಖೆಯ ಔದಾರ್ಯವನ್ನೂ ಮರೆಯಬಾರದು. ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. ಕನ್ನಡ ನಾಟಕಕ್ಕೆ 200 ರೂಪಾಯಿ ಇಟ್ಟಾಗಲೇ "ಏನ್ರೀ, ಇಷ್ಟೊಂದಾ?" ಎಂದು ನಮ್ಮವರು ಕೇಳುವುದರಿಂದ, ಈ ವಿನಾಯಿತಿಯನ್ನು ಮೀರುವ ಅಪಾಯ ಸದ್ಯಕ್ಕಂತೂ ಕಾಣುತ್ತಿಲ್ಲ.

ಇಷ್ಟೆಲ್ಲ ಗುಡ್ಡೆ ಹಾಕಿಕೊಂಡು ನಮ್ಮ ಕಲ್ಪನೆಯ ಖಜಾಂಚಿ ಸಲಹೆಗಾರರ ಮುಂದೆ ಕೂತರು ಅಂದುಕೊಳ್ಳಿ. ಫ್ಲೆಕ್ಸಿನವನು, ಮೈಕಿನವನು, ಲೈಟಿನವನು, ಬಾಡಿಗೆ ಡ್ರೆಸ್ಸಿನವನು, ಮಿನಿ ಲಾರಿಯವನು, ಚುರುಮುರಿಯವನು, ಪಾರ್ಕಿಂಗಿನವನು, ಎಲ್ಲರಿಗೂ ದುಡ್ಡು ಹೋಗಿದೆ. ಸಲಹೆಗಾರರು ಖುಷಿಯಾಗಿದ್ದರು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

"ಇದೇನಿದು, ನಟರ ಸಂಭಾವನೆ?"

"ಕೊಟ್ಟಿಲ್ಲ ಸಾರ್. ಧನಸಹಾಯ ಬಂದರೆ ತಲೆಗೆ ಸಾವಿರ ಕೊಡೋಣ ಅಂತ..."

"ಕೊಟ್ಟರೆ ಅವರೇನು ಮಾಡ್ತಾರೆ?"

"ಮುಂದಿನ ನಾಟಕದ ಸೆಟ್ಟಿಗೆ ಹಾಕ್ತಾರೆ."

"ಕೊಡದಿದ್ದರೆ?"

"ಆಗಲೂ ಹಾಕ್ತಾರೆ ಸಾರ್. ಸಂಬಳದಲ್ಲಿ."

"ಮತ್ತೆ ಕೊಡೋದ್ಯಾಕೆ?"

ಖಜಾಂಚಿಗೆ ಉತ್ತರ ಹೊಳೆಯಲಿಲ್ಲ. ಅವರೂ ನಟರೇ, ಆ ತಿಂಗಳ ಪ್ಲೈವುಡ್ ಬಿಲ್ಲು ಅವರ ಜೇಬಿನಲ್ಲೇ ಇತ್ತು.

ವರದಿ ತಯಾರಾಯಿತು. ಅಷ್ಟೂ ಸಾಲುಗಳಲ್ಲಿ ಹೂಡಿಕೆಯೇ ಇಲ್ಲದೆ ಅತಿ ಹೆಚ್ಚು ಲಾಭ ತೋರಿಸಿದ್ದು ಪಾರ್ಕಿಂಗ್. ಆದ್ದರಿಂದ ಸಂಸ್ಕೃತಿಯ ಉತ್ತೇಜನಕ್ಕೆಂದು ತೆಗೆದಿಟ್ಟ ಮೊತ್ತವನ್ನು ನೇರವಾಗಿ ಪಾರ್ಕಿಂಗ್ ಗುತ್ತಿಗೆದಾರರಿಗೇ ಕೊಡತಕ್ಕದ್ದು ಎಂದು ಶಿಫಾರಸು. ಗುತ್ತಿಗೆದಾರರು ಚೆಕ್ಕನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಸ್ವಲ್ಪ ಆತಂಕದಿಂದ ಕೇಳಿದರು:

"ಸಾರ್, ನಾಟಕದವರಿಗೆ ಏನೂ ಕೊಡಲಿಲ್ಲವಲ್ಲ, ಅವರು ಬರ್ತಾರೆ ತಾನೆ?"

"ಬರ್ತಾರೆ ಬಿಡಿ," ಎಂದರು ಸಲಹೆಗಾರರು. "ಬಂದು ನಿಮಗೆ ಪಾರ್ಕಿಂಗ್ ದುಡ್ಡೂ ಕೊಡ್ತಾರೆ."